ಖನಿಜ ತೆಗೆಯುವ ಮುನ್ನ ಊರನ್ನು ಕೇಳುವರೇ?

ಪ್ರಶ್ನೆ: ಲಿಥಿಯಂ, ಗ್ರಾಫೈಟ್‌ನಂತಹ ನಿರ್ಣಾಯಕ ಖನಿಜಗಳ ಗಣಿಗಾರಿಕೆಗೆ ಇನ್ನು ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲವೆಂದು ಓದಿದೆ. ನಾಳೆ ಕೊಡಗಿನಲ್ಲಿ ಅಂತಹ ನಿಕ್ಷೇಪ ಸಿಕ್ಕರೆ ನಮ್ಮ ಮಾತಿಗೆ ಬೆಲೆಯಿರುತ್ತದೆಯೇ?
– ಕಾಫಿ ಬೆಳೆಗಾರರೊಬ್ಬರು, ಸೋಮವಾರಪೇಟೆ

ಉತ್ತರ: ತಾವು ಓದಿದ್ದು ನಿಜ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ, ದೊಡ್ಡ ಗಣಿಗೆ ಅನುಮತಿ ನೀಡುವ ಮೊದಲು 30 ದಿನಗಳ ಕಾಲಾವಕಾಶ ಕೊಟ್ಟು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ, ಗಣಿಯ ಸಮೀಪದಲ್ಲೇ ಜನರ ಅಹವಾಲು ಕೇಳಬೇಕಿತ್ತು. 2025ರ ಸೆಪ್ಟೆಂಬರ್ 8ರಂದು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಜ್ಞಾಪನ ಪತ್ರವು ಪರಮಾಣು ಮತ್ತು ನಿರ್ಣಾಯಕ ಖನಿಜಗಳಿಗೆ ಇದರಿಂದ ವಿನಾಯಿತಿ ನೀಡಿತು. ಪರಿಸರ ವರದಿ ಈಗಲೂ ಕಡ್ಡಾಯ. ಆದರೆ ಅದರ ಪರಿಶೀಲನೆ ನಡೆಯುವುದು ಕೇಂದ್ರದ ಮಟ್ಟದಲ್ಲಿ. ಇಂತಹ 24 ಖನಿಜಗಳ ಹರಾಜೂ 2023ರ ತಿದ್ದುಪಡಿಯಿಂದ ಕೇಂದ್ರದ ಅಧಿಕಾರಕ್ಕೆ ಸೇರಿದೆ.

ಈ ವಿನಾಯಿತಿ ತಪ್ಪೆಂದು ನಾನು ದೃಢವಾಗಿ ನಂಬುತ್ತೇನೆ. ಗದ್ದೆಗೆ ಹೊಂದಿದ ಯಾವ ಎತ್ತರದ ಬಾಣೆ ಜಮೀನಿನಲ್ಲಿ ಮಳೆಗಾಲಕ್ಕೆ ಒರತೆ ಏಳುತ್ತದೆ, ಯಾವ ತೋಡಿನ ನೀರು ಯಾರ ಗದ್ದೆಗೆ ಇಳಿಯುತ್ತದೆ ಎಂಬುದು ಅಲ್ಲೇ ಬಾಳಿದವರಿಗೆ ತಿಳಿದಿರುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರಿನ ಸುತ್ತಮುತ್ತ ಗುಡ್ಡಗಳು ಕುಸಿದುದನ್ನು ಕಂಡ ಜಿಲ್ಲೆಯಲ್ಲಿ ಆ ಅರಿವನ್ನು ಕೇಳದೆ ನೆಲ ಅಗೆಯುವುದು ಅಪಾಯಕರ.

ಅರಣ್ಯಭೂಮಿಯ ಮಟ್ಟಿಗೆ ಮಾತ್ರ, ಗ್ರಾಮಸಭೆಯ ಮಾತಿಗೆ ತೂಕ ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆಯ ಬಲ ಉಳಿದಿದೆ. ಒಡಿಶಾದ ನಿಯಮಗಿರಿಯ ಬಾಕ್ಸೈಟ್ ಗಣಿಯ ವಿಷಯವನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಗ್ರಾಮಸಭೆಗಳ ಮುಂದೆ ಇರಿಸಿದಾಗ, ಸಭೆ ಸೇರಿದ 12 ಹಳ್ಳಿಗಳೂ ಒಮ್ಮತದಿಂದ ಬೇಡವೆಂದವು. ಅಲ್ಲಿ ಗಣಿ ಬರಲಿಲ್ಲ. ನಮ್ಮಲ್ಲಿ ಜೇನುಕುರುಬ, ಯರವ ಬುಡಕಟ್ಟುಗಳವರ ಹಾಡಿಯೂ (ಪುಟ್ಟ ವಸತಿಯೂ) ಈ ಕಾಯ್ದೆಯಡಿ ತನ್ನದೇ ಗ್ರಾಮಸಭೆ ಸೇರಿಸಬಹುದು. ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಹಾಜರಾದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ತಮ್ಮ ಖಾಸಗಿ ತೋಟಕ್ಕಾಗಲಿ, ತೋಟದ ಲೈನ್‌ಮನೆಗಳಲ್ಲಿ (ಕೂಲಿಗಳ ಸಾಲುಮನೆಗಳಲ್ಲಿ) ವಾಸಿಸುವ ಕಾರ್ಮಿಕರಿಗಾಗಲಿ ಈ ರಕ್ಷಣೆ ಇಲ್ಲ. ಜಮೀನಿನ ದಾಖಲೆಯಲ್ಲಿ ಹೆಸರಿಲ್ಲದ ಆ ಕಾರ್ಮಿಕರನ್ನು ಯಾರೂ ಕೇಳುವುದಿಲ್ಲ ಎಂಬುದೇ ನನಗೆ ಹೆಚ್ಚು ನೋವಿನ ಸಂಗತಿ.

ಆದ್ದರಿಂದ ಹರಾಜಿನ ಸುದ್ದಿ ಬರುವವರೆಗೆ ಕಾಯಬೇಡಿ. ಹಾಡಿಗಳ ಸಮುದಾಯ ಹಕ್ಕಿನ ಅರ್ಜಿಗಳು ಬಾಕಿಯಿದ್ದರೆ ಅವು ಇತ್ಯರ್ಥವಾಗುವಂತೆ ಒತ್ತಾಯಿಸಿ. ಊರಿನ ದೇವರಕಾಡು, ಕೆರೆ, ಒರತೆಗಳನ್ನು ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಯಿಸಿ. ಪಂಚಾಯಿತಿಯ ಮುಂದಿನ ಗ್ರಾಮಸಭೆಗೆ ಲೈನ್‌ಮನೆಯವರನ್ನೂ ಕರೆದುಕೊಂಡು ಹೋಗಿ, ಅವರ ಮಾತೂ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.