ಓದುಗರ ಪ್ರಶ್ನೆ: ಬೆಳಗಿನ ರೇಡಿಯೋದಲ್ಲಿ ಹಾಡು, ಅತಿಥಿ ಮತ್ತು ಚಿಂತನ

ಪ್ರಶ್ನೆ: ಬೆಳಗಿನ ಕಾರ್ಯಕ್ರಮಕ್ಕೆ ಒಳ್ಳೊಳ್ಳೆಯ ಅತಿಥಿಗಳನ್ನು ಕರೆಸುತ್ತಾರೆ. ಮಾತು ರಂಗೇರುತ್ತಿದ್ದಂತೆಯೇ ‘ಈಗ ಒಂದು ಹಾಡು’ ಎಂದು ನಿಲ್ಲಿಸಿಬಿಡುತ್ತಾರೆ. ಹಾಡು ಮುಗಿದ ಮೇಲೆ ಅತಿಥಿಯ ಪರಿಚಯವನ್ನು ಮತ್ತೆ ಮಾಡುತ್ತಾರೆ. ಅರ್ಧ ಗಂಟೆ ಬಿಡದೆ ಮಾತನಾಡಿಸಿದರೆ ಏನು ತೊಂದರೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಆದರೆ ದೋಷವಿರುವುದು ಹಾಡಿನಲ್ಲಲ್ಲ, ಹಾಡು ಬಂದು ಕೂರುವ ಜಾಗದಲ್ಲಿ. ಸಂಜೆಯ ಸಂದರ್ಶನವನ್ನು ಜನ ಕುಳಿತು ಕೇಳಬಹುದು. ಬೆಳಗಿನದನ್ನು ಕೇಳುವವರು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುತ್ತಾರೆ, ದೋಸೆ ಕಾವಲಿಯ ಮುಂದೆ ನಿಂತಿರುತ್ತಾರೆ, ಮಕ್ಕಳನ್ನು ಶಾಲೆಯ ಬಸ್ಸಿಗೆ ಹೊರಡಿಸುವ ಗಡಿಬಿಡಿಯಲ್ಲಿರುತ್ತಾರೆ. ಇವರಲ್ಲಿ ಯಾರೂ ಅರ್ಧ ಗಂಟೆ ಒಂದೇ ಕಡೆ ಇರುವುದಿಲ್ಲ. ಅಂಗಳಕ್ಕೆ ಹೋಗಿ ಬಂದವರಿಗೆ ಮಾತನಾಡುತ್ತಿರುವವರು ಯಾರೆಂದು ತಿಳಿಯದಿದ್ದರೆ ಉಳಿದ ಮಾತೂ ಅವರ ಪಾಲಿಗೆ ಇಲ್ಲದಂತೆಯೇ. ಆದ್ದರಿಂದ ಹೆಸರನ್ನು ಮತ್ತೆ ಮತ್ತೆ ಹೇಳುವುದು ಉದ್ಘೋಷಕರ ಮರೆವೂ ಅಲ್ಲ, ಕಾಲಹರಣವೂ ಅಲ್ಲ.

ಇನ್ನೊಂದು ಕಾರಣ ಗಡಿಯಾರ. ಹಲವು ಕೇಂದ್ರಗಳು ಏಕಕಾಲಕ್ಕೆ ಬಿತ್ತರಿಸುವ ವಾರ್ತೆ ಯಾವ ಅತಿಥಿಗಾಗಿಯೂ ಕಾಯುವುದಿಲ್ಲ. ವಾರ್ತೆಗೆ ಒಂದೆರಡು ನಿಮಿಷ ಮೊದಲೇ ಮಾತು ಮುಗಿದುಹೋದರೆ ತುಂಬಿಕೊಳ್ಳಲೆಂದು ವಾದ್ಯಸಂಗೀತದ ತುಣುಕೊಂದನ್ನು ಸಿದ್ಧವಾಗಿಟ್ಟುಕೊಂಡಿರುತ್ತಾರೆ. ಮಾತು ಉದ್ದವಾದರೆ ಮಾತ್ರ ಕತ್ತರಿಸುವುದೊಂದೇ ದಾರಿ. ಮಾತಿನ ನಡುವೆ ಹಾಡುಗಳಿದ್ದರೆ ಇಂಥ ಇಕ್ಕಟ್ಟಿನಲ್ಲಿ ಒಂದು ಹಾಡನ್ನು ಕೈಬಿಟ್ಟು ಅತಿಥಿಯ ಮಾತನ್ನು ಉಳಿಸಿಕೊಳ್ಳಬಹುದು.

ಎಲ್ಲಿ ನಿಲ್ಲಿಸಬೇಕು ಎಂಬುದೇ ಕಸುಬು. ಆಷಾಢದ ಮಳೆಯಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಮಾತನಾಡಲು ಅನುಭವಿ ಕೃಷಿಕರೊಬ್ಬರು ಬಂದಿದ್ದಾರೆಂದು ಇಟ್ಟುಕೊಳ್ಳಿ. ‘ಮಳೆಗಾಲಕ್ಕೆ ಮೊದಲೇ ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆದ ತೋಟದಲ್ಲೂ ಕೊಳೆ ಕಾಣಿಸಿಕೊಂಡಿದೆಯಲ್ಲ, ಏಕೆ?’ ಎಂದು ಪ್ರಶ್ನೆ ಕೇಳಿ ಹಾಡು ಹಾಕಿದರೆ ಕೇಳುಗರು ಉತ್ತರಕ್ಕಾಗಿ ಕಾಯುತ್ತಾರೆ. ಅದರ ಬದಲು ಕೃಷಿಕರು ಉತ್ತರದ ಅರ್ಧದಲ್ಲಿರುವಾಗ ಹಾಡು ನುಗ್ಗಿದರೆ ನಿಮ್ಮಂತೆ ಎಲ್ಲರಿಗೂ ಸಿಟ್ಟು ಬರುತ್ತದೆ. ಅಂಕಿಗಳಿರುವ ಮಾತಿಗಂತೂ ಹಾಡು ಉಪಕಾರವನ್ನೇ ಮಾಡುತ್ತದೆ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್ ಎಂದು ಒಮ್ಮೆ ಹೇಳಿ, ಹಾಡಿನ ಅವಧಿಯಲ್ಲಿ ಕೇಳುಗರಿಗೆ ಪೆನ್ನು ಹುಡುಕಿಕೊಳ್ಳಲು ಸಮಯ ಕೊಟ್ಟು, ಹಾಡಿನ ನಂತರ ಅದೇ ಅಳತೆಯನ್ನು ನಿಧಾನವಾಗಿ ಮತ್ತೊಮ್ಮೆ ಹೇಳಿಸುವ ಉದ್ಘೋಷಕರನ್ನು ನಾನು ನಿಜವಾದ ಕಸುಬುದಾರರೆಂದು ಒಪ್ಪುತ್ತೇನೆ.

ಹಾಡಿನ ಆಯ್ಕೆಯಲ್ಲೂ ವಿವೇಕ ಬೇಕು. ಮಳೆಯ ಮಾತು ಬಂತೆಂದು ಮಳೆಯ ಹಾಡು, ಅಮ್ಮನ ಮಾತು ಬಂತೆಂದು ಅಮ್ಮನ ಹಾಡು ಹಾಕುವುದು ಸುಲಭದ ದಾರಿ. ಪ್ರತಿದಿನ ಹಾಗೆ ಮಾಡಿದರೆ ಕೇಳುಗರು ಮುಂದಿನ ಹಾಡನ್ನು ಮೊದಲೇ ಊಹಿಸಿಬಿಡುತ್ತಾರೆ. ಹೊಂದಬೇಕಾದದ್ದು ಹಾಡಿನ ಪದವಲ್ಲ, ಲಯ ಮತ್ತು ಭಾವ. ಹೊಸನಗರ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣ ಅವರಂಥ ಗಾಯಕರ ಸುಗಮ ಸಂಗೀತ ನಮ್ಮ ಜಿಲ್ಲೆಯ ಕಿವಿಗಳಿಗೆ ಮನೆಯ ದನಿಯೇ ಆಗಿರುವುದರಿಂದ, ಅಂಥ ದನಿ ಮಾತಿನ ನಡುವೆ ಬಂದರೆ ಅಡ್ಡಿ ಎನಿಸುವುದು ಕಡಿಮೆ. (ಕೊನೆಯ ಚರಣ ಮುಗಿಯುವ ಮೊದಲೇ ಮೈಕ್ ತೆರೆದು ಮಾತಿಗೆ ತೊಡಗುವ ಅಭ್ಯಾಸಕ್ಕೆ ಮಾತ್ರ ನನ್ನ ಬಳಿ ಯಾವ ಸಮರ್ಥನೆಯೂ ಇಲ್ಲ.)

ಪ್ರಶ್ನೆ: ‘ಚಿಂತನ’ದ ಐದು ನಿಮಿಷ ಬಂದಾಗ ನಮ್ಮ ಮನೆಯ ಮಕ್ಕಳು ರೇಡಿಯೋದ ದನಿ ತಗ್ಗಿಸುತ್ತಾರೆ. ಉಪದೇಶವಿಲ್ಲದೆ ಬೆಳಗಿನ ಕಾರ್ಯಕ್ರಮ ನಡೆಯುವುದಿಲ್ಲವೇ?
– ಓದುಗರೊಬ್ಬರು, ಸಾಗರ

ಉತ್ತರ: ಉಪದೇಶವಿಲ್ಲದೆ ಖಂಡಿತ ನಡೆಯುತ್ತದೆ, ಚಿಂತನವಿಲ್ಲದೆ ನಡೆಯಬಾರದು ಎಂಬುದು ನನ್ನ ಅಭಿಪ್ರಾಯ. ‘ನಾವೆಲ್ಲರೂ ಹೀಗಿರಬೇಕು’ ಎಂದು ಆರಂಭವಾಗುವ ಬರಹ ಮೊದಲ ವಾಕ್ಯದಲ್ಲೇ ಕೇಳುಗರನ್ನು ಕಳೆದುಕೊಳ್ಳುತ್ತದೆ. ಸಂತೆಯಲ್ಲಿ ಕಂಡ ಒಂದು ಚೌಕಾಸಿ, ಬಸ್ಸಿನಲ್ಲಿ ಕೇಳಿದ ಒಂದು ಮಾತು ಇವುಗಳಿಂದ ಹೊರಟ ಬರಹಕ್ಕೆ ಮಕ್ಕಳೂ ಕಿವಿಗೊಡುತ್ತಾರೆ. ಸ್ಥಾನವೂ ಮುಖ್ಯ. ಕುಣಿತದ ಹಾಡಿನ ಬೆನ್ನಿಗೇ ಚಿಂತನ ಬಂದರೆ ಎರಡೂ ಕೆಡುತ್ತವೆ. ನಡುವೆ ಅರ್ಧ ನಿಮಿಷ ಕೊಳಲೋ ವೀಣೆಯೋ ಇದ್ದರೆ ಕಿವಿ ತಾನಾಗಿ ಸಿದ್ಧವಾಗುತ್ತದೆ.

ಸಂಗೀತ ಮತ್ತು ಚಿಂತನೆ ಬೇರೆ ಬೇರೆಯಾಗಿಯೇ ಇರಬೇಕೆಂದೂ ಇಲ್ಲ. ಶಿವಮೊಗ್ಗದ ಹತ್ತಿರ, ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ಗಮಕದಲ್ಲಿ ಒಬ್ಬರು ರಾಗವಾಗಿ ಕಾವ್ಯ ವಾಚಿಸುತ್ತಾರೆ, ಇನ್ನೊಬ್ಬರು ಅದನ್ನು ವ್ಯಾಖ್ಯಾನಿಸುತ್ತಾರೆ. ಒಂದೇ ಪದ್ಯವನ್ನು ಆರಿಸಿಕೊಂಡರೆ ಐದು ನಿಮಿಷದಲ್ಲಿ ಹಾಡುಗಾರಿಕೆಯೂ ಆಯಿತು, ಯೋಚನೆಗೆ ಗ್ರಾಸವೂ ಸಿಕ್ಕಿತು. ಇಷ್ಟು ಹತ್ತಿರದಲ್ಲಿರುವ ಸಿದ್ಧ ಮಾದರಿಯನ್ನು ವಾರಕ್ಕೊಮ್ಮೆಯಾದರೂ ಬೆಳಗಿನ ಹೊತ್ತಿಗೆ ತರಬಹುದು.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಇಂಥ ಕಾರ್ಯಕ್ರಮ ನಡೆಸುವ ಆಸೆಯಿದೆ. ಅತಿಥಿಗಳನ್ನು ಮಾತನಾಡಿಸುವುದಕ್ಕೆ ಹೇಗೆ ತಯಾರಾಗಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ‘ನಿಮ್ಮ ಬಗ್ಗೆ ಹೇಳಿ’ ಎಂದು ಎಂದೂ ಆರಂಭಿಸಬೇಡಿ. ಮರವೇರಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡರೊಬ್ಬರು ಬಂದಿದ್ದರೆ, ಒಂದು ಅಡಿಕೆ ಮರದಿಂದ ಇಳಿಯದೆ ಪಕ್ಕದ ಮರಕ್ಕೆ ದಾಟುವಾಗ ಕೈ ಮೊದಲು ಹೋಗುತ್ತದೆಯೋ ಕಾಲು ಮೊದಲು ಹೋಗುತ್ತದೆಯೋ ಎಂದು ಕೇಳಿ. ಉಳಿದದ್ದನ್ನು ಅವರೇ ಹೇಳುತ್ತಾರೆ. ಅವರ ಮಲೆನಾಡಿನ ಮಾತನ್ನು ತಿದ್ದಲು ಹೋಗಬೇಡಿ. ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ, ಆದರೆ ಅತಿಥಿ ಮಾತನಾಡುವಾಗ ಮುಂದಿನ ಪ್ರಶ್ನೆಯನ್ನು ಓದಬೇಡಿ. ಅವರ ಉತ್ತರದಲ್ಲೇ ಅದಕ್ಕಿಂತ ಒಳ್ಳೆಯ ಪ್ರಶ್ನೆಯೊಂದು ಇರುತ್ತದೆ. ಆಕಾಶವಾಣಿಯ ಧ್ವನಿ ಪರೀಕ್ಷೆಗೆ ಹೋಗುವ ಮೊದಲು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿಕೊಳ್ಳಿ. ಅಲ್ಪಪ್ರಾಣ, ಮಹಾಪ್ರಾಣಗಳ ತೊಡಕು ಅಲ್ಲಿಯೇ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಮನೆ ಗುಡ್ಡದ ಬುಡದಲ್ಲಿದೆ. ಭದ್ರಾವತಿ ಕೇಂದ್ರದ ಎಫ್.ಎಂ. ಕೇಳುವುದಿಲ್ಲ, ಮಧ್ಯಮ ತರಂಗದಲ್ಲಿ ಬರೀ ಗರಗರ ಸದ್ದು. ಏನು ಮಾಡಬಹುದು?
– ಓದುಗರೊಬ್ಬರು, ಹೊಸನಗರ

ಉತ್ತರ: 1965ರಲ್ಲಿ ಆರಂಭವಾದ ಭದ್ರಾವತಿ ಕೇಂದ್ರ ನಮ್ಮ ಭಾಗದವರಿಗೆ ಪರಿಚಿತವಾದದ್ದು ಮಧ್ಯಮ ತರಂಗದ 675 ಕಿಲೋಹರ್ಟ್ಸ್‌ನಿಂದ, ಎಫ್.ಎಂ. 103.5 ಮೆಗಾಹರ್ಟ್ಸ್ ಬಂದದ್ದು ನಂತರ. ಎಫ್.ಎಂ. ಅಲೆಯ ಉದ್ದ ಮೂರು ಮೀಟರಿಗೂ ಕಡಿಮೆ. ಅದು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಗುಡ್ಡ ಅದಕ್ಕೆ ಅಡ್ಡವಾಗುತ್ತದೆ. ಮಧ್ಯಮ ತರಂಗದ ಅಲೆಯ ಉದ್ದವೋ ಸುಮಾರು 444 ಮೀಟರ್. ಅದು ಹಗಲಿನಲ್ಲಿ ನೆಲವನ್ನು ಅನುಸರಿಸಿ, ಗುಡ್ಡಗಳನ್ನು ಬಳಸಿಕೊಂಡು ಬರುತ್ತದೆ. ಆದ್ದರಿಂದ ನಿಮ್ಮ ಗರಗರ ಸದ್ದಿಗೆ ಕಾರಣ ಬಹುಶಃ ಮನೆಯೊಳಗೇ ಇದೆ. ರೇಡಿಯೋವನ್ನು ಬ್ಯಾಟರಿಯಲ್ಲಿ ನಡೆಸಿ, ಮನೆಯ ಮೇನ್ ಸ್ವಿಚ್ ಆರಿಸಿ ನೋಡಿ. ಸದ್ದು ನಿಂತರೆ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್‌ಗಳನ್ನು ಒಂದೊಂದಾಗಿ ಹಚ್ಚಿ ಪರೀಕ್ಷಿಸಿ. ಸೆಕೆಂಡಿಗೊಮ್ಮೆ ಟಿಕ್ ಎನ್ನುವ ಸದ್ದಾದರೆ ತೋಟದ ಸೋಲಾರ್ ಬೇಲಿಯ ಕಡೆ ಗಮನ ಕೊಡಿ.

ಮಧ್ಯಮ ತರಂಗಕ್ಕೆ ಮೇಲೆ ಎಳೆಯುವ ಕಡ್ಡಿಯಿಂದ ಪ್ರಯೋಜನವಿಲ್ಲ. ಅದರ ಆಂಟೆನಾ ರೇಡಿಯೋದ ಒಳಗೆ, ತಂತಿ ಸುತ್ತಿದ ಫೆರೈಟ್ ಸಲಾಕೆಯ ರೂಪದಲ್ಲಿರುತ್ತದೆ, ಅದಕ್ಕೂ ದಿಕ್ಕಿದೆ. ರೇಡಿಯೋವನ್ನು ಮೇಜಿನ ಮೇಲೆ ನಿಧಾನವಾಗಿ ತಿರುಗಿಸುತ್ತ ಹೋದರೆ ದನಿ ಸ್ಪಷ್ಟವಾಗುವ ದಿಕ್ಕು ಸಿಗುತ್ತದೆ.

ಇಂಟರ್‌ನೆಟ್ ಇರುವಲ್ಲಿ ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್ ಮೂಲಕವೂ ಆಕಾಶವಾಣಿಯ ನೇರ ಪ್ರಸಾರ ಕೇಳಬಹುದು, ಆದರೆ ಅದು ರೇಡಿಯೋಗಿಂತ ತುಸು ತಡವಾಗಿ ತಲುಪುತ್ತದೆ. ಫೋನ್‌ ಇನ್ ಕಾರ್ಯಕ್ರಮಕ್ಕೆ ಕರೆ ಮಾಡಿದಾಗ ಆ್ಯಪನ್ನು ಪೂರ್ತಿ ನಿಲ್ಲಿಸಿ, ಅತಿಥಿಯ ಮಾತನ್ನು ಫೋನಿನಲ್ಲೇ ಕೇಳಿಸಿಕೊಂಡು ಉತ್ತರಿಸಿ.