ಭೇದಿಯಾಗುತ್ತಿರುವ ಮಗುವಿನೊಂದಿಗೆ ರಾತ್ರಿ ಪ್ರಯಾಣ

ಎರಡು ವರ್ಷದ ಮಗಳಿಗೆ ನಿನ್ನೆಯಿಂದ ಭೇದಿಯಾಗುತ್ತಿದ್ದು, ನಾಳೆ ರಾತ್ರಿ ರಾಯಚೂರಿನಿಂದ ಬೆಂಗಳೂರಿನ ಮದುವೆಗೆ ರೈಲಿನಲ್ಲಿ ಹೊರಡಬಹುದೇ ಎಂದು ಕೇಳಿದ್ದೀರಿ. ಟಿಕೆಟ್ಟಿನ ಚಿಂತೆಯನ್ನು ಪಕ್ಕಕ್ಕಿಟ್ಟು, ಮಗು ಕುಡಿದದ್ದನ್ನು ವಾಂತಿ ಮಾಡದೆ ಉಳಿಸಿಕೊಳ್ಳುತ್ತಿದೆಯೇ, 6 ಗಂಟೆಗೊಮ್ಮೆಯಾದರೂ ಮೂತ್ರ ಮಾಡುತ್ತಿದೆಯೇ, ಅಳುವಾಗ ಕಣ್ಣೀರು ಬರುತ್ತಿದೆಯೇ ಎಂಬುದನ್ನು ಮೊದಲು ಗಮನಿಸಿ. ಇವುಗಳಲ್ಲಿ ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ, ಮಲದಲ್ಲಿ ರಕ್ತ ಕಂಡರೂ, ಪ್ರಯಾಣ ಕೈಬಿಟ್ಟು ತಕ್ಷಣ ವೈದ್ಯರಲ್ಲಿಗೆ ಕರೆದೊಯ್ಯಿರಿ. ನಡುರಾತ್ರಿ ಗುಂತಕಲ್ಲಿನ ಆಚೆ ಮಗು ನಿತ್ರಾಣಗೊಂಡರೆ ಇಳಿದು ಆಸ್ಪತ್ರೆ ಹುಡುಕುವುದು ಸುಲಭವಲ್ಲ.

ಓಆರ್‌ಎಸ್‌ನ (ಭೇದಿಯಲ್ಲಿ ಕಳೆದುಹೋದ ನೀರು, ಲವಣಗಳನ್ನು ತುಂಬಿಕೊಡುವ ಪುಡಿ) ದೊಡ್ಡ ಪೊಟ್ಟಣವನ್ನು ಕಾಯಿಸಿ ಆರಿಸಿದ 1 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪ್ರತಿ ಭೇದಿಯ ನಂತರ ಚಮಚ ಚಮಚವಾಗಿ ಕುಡಿಸಿ. 24 ಗಂಟೆ ದಾಟಿದ್ದನ್ನು ಚೆಲ್ಲಿಬಿಡಿ. ಅರ್ಧ ಪೊಟ್ಟಣವನ್ನು ಅಂದಾಜಿನ ಮೇಲೆ ಲೋಟಕ್ಕೆ ಸುರಿಯುವ ನಮ್ಮ ಮನೆಗಳ ರೂಢಿ ಸರಿಯಲ್ಲ. ಮಗು ಚೆನ್ನಾಗಿ ಆಡುತ್ತಿದ್ದರೂ ಹೊರಡುವ ಮುನ್ನ ಒಮ್ಮೆ ವೈದ್ಯರಿಗೆ ತೋರಿಸಿ, ಜಿಂಕ್ ಔಷಧಿಯ ಬಗ್ಗೆಯೂ ಕೇಳಿಕೊಳ್ಳಿ. ನನ್ನನ್ನು ಕೇಳಿದರೆ, ಮದುವೆಗೆ ನಿಮ್ಮಿಬ್ಬರಲ್ಲಿ ಒಬ್ಬರು ಹೋಗಿಬಂದರೆ ಸಾಕು.