ನಿತ್ಯಪುಷ್ಪದ ರಸ ಕೇಳಿದ ಮೂಡಿಗೆರೆ ಅಣ್ಣನಿಗೆ: ಇವತ್ತಿನ ಲೋಟ ಕೊಡಬೇಡಿ

ಅಣ್ಣಾ, ನಿಮ್ಮ ಪೋಸ್ಟ್ ರಾತ್ರಿ ಹತ್ತೂವರೆಗೆ ನೋಡಿದೆ. ಆಮೇಲೆ ನಿದ್ದೆ ಹತ್ತಲಿಲ್ಲ, ಅದಕ್ಕೇ ಹಾಲು ಕರೆಯೋಕೆ ಮುಂಚೆ ಕೂತು ಬರೀತಿದ್ದೀನಿ. ತಂಗಿ ಮಗನಿಗೆ ಬ್ಲಡ್ ಕ್ಯಾನ್ಸರ್, ಎ.ಎಲ್.ಎಲ್. ಅಂದಿದ್ದಾರೆ, ಬೆಂಗಳೂರಲ್ಲಿ ವಾರಕ್ಕೊಂದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ನಡೀತಿದೆ, ಅದನ್ನ ಮಾಡೋದೇ ನಿತ್ಯಪುಷ್ಪದಿಂದ, ಹಾಗಾಗಿ ಮನೆ ಮುಂದಿನ ಗಿಡದ ಎಲೆ ಅರೆದು ನಾಲ್ಕು ದಿನದಿಂದ ಬರಿಹೊಟ್ಟೆಗೆ ಕೊಡ್ತಿದ್ದೀವಿ, ಎಷ್ಟು ಎಲೆ ಹಾಕಬೇಕು, ಹತ್ತು ಗುಂಟೆಗೆ ಬೀಜ ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ಕೆಳಗೆ ಒಬ್ಬರು ‘ಹತ್ತು ಎಲೆ, ಒಂದು ಗೇಣು ಅಮೃತಬಳ್ಳಿ, ಮಜ್ಜಿಗೆಯಲ್ಲಿ’ ಅಂತ ಅಳತೆ ಸಮೇತ ಬರೆದಿದ್ದಾರೆ. ಅದಕ್ಕೆ ನಲವತ್ತು ಜನ ಲೈಕ್ ಒತ್ತಿದ್ದಾರೆ.

ಆ ಅಳತೆ ನನಗೆ ಚೆನ್ನಾಗಿ ಗೊತ್ತು. ನಾನು ಕೊಟ್ಟಿದ್ದೂ ಅದೇ. ಮಿಕ್ಕಿದ್ದು ಆಮೇಲೆ ಓದಿ, ಮೊದಲು ಇವತ್ತಿನ ರಸ ಚೆಲ್ಲಿ. ಇಂಜೆಕ್ಷನ್ ಮಾತ್ರ ಒಂದು ದಿನವೂ ತಪ್ಪಿಸಬೇಡಿ.

ಹನ್ನೊಂದು ವರ್ಷದ ಹಿಂದಿನ ಮಾತು. ನಮ್ಮದು ಅರಸೀಕೆರೆ ಕಡೆ. ತೆಂಗು, ರಾಗಿ ಜೊತೆಗೆ ಆಗ ಇಪ್ಪತ್ತು ಗುಂಟೆಯಲ್ಲಿ ನಿತ್ಯಪುಷ್ಪ ಇತ್ತು. ಮೈದುನನ ಮಗನಿಗೆ ಎಂಟು ವರ್ಷ, ಇದೇ ಕಾಯಿಲೆ. ಮೊದಲ ತಿಂಗಳ ಚಿಕಿತ್ಸೆಗೇ ಮ್ಯಾರೋ (ಮೂಳೆ ಮಜ್ಜೆ) ಟೆಸ್ಟಲ್ಲಿ ಕಾಯಿಲೆ ಕಾಣದ ಹಾಗಾಯ್ತು. ಮುಂದಿನ ಸುತ್ತುಗಳೆಲ್ಲ ಮುಗಿದು, ಕಾಯಿಲೆ ಮರಳದ ಹಾಗೆ ಕೊಡೋ ಕೊನೇ ಹಂತ ಮೇಂಟೆನೆನ್ಸ್‌ಗೆ ಬಂದಿದ್ದ. ದಿನಾ ರಾತ್ರಿ ಮರ್ಕಾಪ್ಟೊಪ್ಯೂರಿನ್ ಮಾತ್ರೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ತಿಂಗಳಿಗೊಂದು ವಿನ್‌ಕ್ರಿಸ್ಟಿನ್. ಊರಲ್ಲಿ ನಮ್ಮ ಜೊತೆಗೇ ಇದ್ದ. ಹೊಲದ ತುಂಬ ಔಷಧಿ ಬೆಳೆದು ಲಾರಿಗೆ ತುಂಬಿಸೋಳು ನಾನು, ಮನೆ ಮಗುವಿಗೆ ಕೊಡದೆ ಹೇಗಿರೋದು ಅಂತ ಶುರು ಮಾಡಿದೆ. ವಿಪರೀತ ಕಹಿ. ಮೂಗು ಹಿಡಿದು, ಬೆಲ್ಲದ ಚೂರು ಕೈಲಿಟ್ಟುಕೊಂಡು ಕುಡೀತಿದ್ದ. ಅವನಮ್ಮ ಕೊಟ್ಟಿದ್ರೆ ಹಟ ಮಾಡ್ತಿದ್ನೇನೋ, ದೊಡ್ಡಮ್ಮ ಕೊಟ್ಟಿದ್ದು ಅಂತ ಒಂದು ದಿನವೂ ಬೇಡ ಅನ್ನಲಿಲ್ಲ.

ಐದನೇ ವಾರ ಕಣ್ಣು ಹಳದಿ ಆಯ್ತು. ಮೂತ್ರ ಚಹಾ ಡಿಕಾಕ್ಷನ್ ಬಣ್ಣ. ಎಸ್‌ಜಿಪಿಟಿ ಅನ್ನೋ ಲಿವರ್ ಟೆಸ್ಟ್ ನಲವತ್ತರ ಒಳಗೆ ಇರಬೇಕಾದ್ದು ಆರುನೂರು ದಾಟಿತ್ತು. ರಾತ್ರಿ ಮಾತ್ರೆ ನಿಲ್ಲಿಸಿದ್ರು. ಡಾಕ್ಟರಮ್ಮ ಮೈದುನನ್ನ ಕೂರಿಸಿಕೊಂಡು ಮೂರು ಸಲ ಕೇಳಿದ್ರಂತೆ, ‘ಬೇರೆ ಏನಾದ್ರೂ ಕೊಡ್ತಿದ್ದೀರಾ’ ಅಂತ. ಅವನು ಇಲ್ಲ ಅಂದ. ಅವನಿಗೆ ಗೊತ್ತಿದ್ರೆ ತಾನೆ? ನಾನು ಹೇಳಿರಲೇ ಇಲ್ಲ. ಫೋನ್ ಬಂದಾಗ ಕೈಕಾಲು ನಡುಗಿ ಬಾಯಿಬಿಟ್ಟೆ. ಗಿಡ, ಬಳ್ಳಿ ಎರಡನ್ನೂ ಬೇರು ಸಮೇತ ಕಿತ್ತು ತರೋಕೆ ಹೇಳಿದ್ರು. ರಾತ್ರಿ ಬಸ್ಸಿಗೆ ತಗೊಂಡು ಹೋದೆ. ಆಯಮ್ಮ ಬೈಯಲಿಲ್ಲ. ಅವರು ಹೇಳಿದ್ದು ಇಷ್ಟು: ಲಿವರ್ ಕೆಟ್ಟಿದ್ದು ನಿಮ್ಮ ಎಲೆಯಿಂದಲೋ, ಬಳ್ಳಿಯಿಂದಲೋ, ನಮ್ಮ ಮಾತ್ರೆಯಿಂದಲೋ ಈಗ ಹೇಳೋಕಾಗಲ್ಲ, ನಮ್ಮ ಮಾತ್ರೆಗೂ ಆ ಗುಣ ಇದೆ. ಯಾವುದು ಅಂತ ಗೊತ್ತಾಗದಿದ್ದಾಗ ಎಲ್ಲವನ್ನೂ ನಿಲ್ಲಿಸಲೇಬೇಕು.

ಮೂರು ವಾರ ಮಾತ್ರೆ ಇಲ್ಲ. ಮೇಂಟೆನೆನ್ಸಲ್ಲಿ ನೂರು ಡೋಸಿಗೆ ಐದಕ್ಕಿಂತ ಹೆಚ್ಚು ತಪ್ಪಿಸಿಕೊಂಡ ಮಕ್ಕಳಲ್ಲಿ ಕಾಯಿಲೆ ಮರಳೋದು ಜಾಸ್ತಿ ಅಂತ ಅಧ್ಯಯನಗಳಲ್ಲಿ ಕಂಡಿದೆ. ಅದನ್ನ ಅವತ್ತು ಕೇಳಿಸಿಕೊಂಡ ಮೇಲೆ ಆ ಇಪ್ಪತ್ತೊಂದು ರಾತ್ರಿ ನಾನು ಹೇಗೆ ಕಳೆದೆ ಅಂತ ನನಗೇ ಗೊತ್ತು. ಹುಡುಗ ಈಗ ಹಾಸನದಲ್ಲಿ ಡಿಪ್ಲೊಮಾ ಓದ್ತಿದ್ದಾನೆ, ಚೆನ್ನಾಗಿದ್ದಾನೆ. ಅದನ್ನ ನನ್ನ ರಸದ ಲೆಕ್ಕಕ್ಕೆ ಮಾತ್ರ ಯಾರೂ ಬರೀಬೇಡಿ.

ಈಗ ‘ಇಂಜೆಕ್ಷನ್ ಅದರಿಂದಲೇ ಅಲ್ವಾ’ ಅನ್ನೋ ಮಾತಿಗೆ ಬರ್ತೀನಿ. ಹೌದು, ಅದರಿಂದಲೇ. ಗಿಡದ ಮೂಲ ಮಡಗಾಸ್ಕರ್. ಸಕ್ಕರೆ ಕಾಯಿಲೆಗೆ ಬಳಸ್ತಿದ್ದ ಎಲೆ ಜಮೈಕಾದಿಂದ ಕೆನಡಾಕ್ಕೆ ಹೋಯ್ತು. ಅಲ್ಲಿ ರಾಬರ್ಟ್ ನೋಬಲ್, ಚಾರ್ಲ್ಸ್ ಬೀರ್ ಅನ್ನೋರು ಕಷಾಯವನ್ನ ಇಲಿಗಳಿಗೆ ಬಾಯಲ್ಲಿ ಕೊಟ್ಟು ನೋಡಿದ್ರು, ಸಕ್ಕರೆ ಇಳೀಲಿಲ್ಲ. ಅದೇ ಸಾರವನ್ನ ರಕ್ತನಾಳಕ್ಕೆ ಚುಚ್ಚಿದಾಗ ಇಲಿಗಳು ವಾರದೊಳಗೆ ಸೋಂಕು ಹತ್ತಿ ಸತ್ತವು, ಯಾಕಂದ್ರೆ ಬಿಳಿ ರಕ್ತಕಣ ಪೂರ್ತಿ ಕುಸಿದಿತ್ತು. ಬಿಳಿ ಕಣ ಇಳಿಸುತ್ತೆ ಅಂದ್ರೆ ಬಿಳಿ ಕಣ ಹುಚ್ಚೆದ್ದು ಬೆಳೆಯೋ ಕಾಯಿಲೆಗೆ ಆಗಬಹುದಲ್ಲ ಅನ್ನೋ ಯೋಚನೆ ಬಂದಿದ್ದು ಅಲ್ಲಿಂದ. 1958ರಲ್ಲಿ ವಿನ್‌ಬ್ಲಾಸ್ಟಿನ್ ಅನ್ನೋ ಔಷಧಿ ಹೊರಬಂತು, ಅದರ ಹಿಂದೆಯೇ ಅಮೆರಿಕದ ಲಿಲ್ಲಿ ಕಂಪನಿಯಲ್ಲಿ ವಿನ್‌ಕ್ರಿಸ್ಟಿನ್. 1963ಕ್ಕೆ ಅಲ್ಲಿ ಅನುಮತಿ ಸಿಕ್ತು. ಬಾಯಲ್ಲಿ ಕೊಟ್ಟಿದ್ದಕ್ಕೆ ಏನೂ ಆಗದೆ, ಚುಚ್ಚಿದಾಗ ಪ್ರಾಣ ಹೋಯ್ತು ಅನ್ನೋದನ್ನ ಗಮನಿಸಿ. ಇವತ್ತಿಗೂ ವಿನ್‌ಕ್ರಿಸ್ಟಿನ್‌ಗೆ ಮಾತ್ರೆ ಇಲ್ಲ, ಸಿರಪ್ ಇಲ್ಲ. ರಕ್ತನಾಳಕ್ಕೇ ಹೋಗಬೇಕು, ಅಪ್ಪಿತಪ್ಪಿ ಬೆನ್ನುಹುರಿ ನೀರಿಗೆ ಹಾಕಿದ್ರೆ ಸಾವು. ಅಷ್ಟು ಕಟುವಾದದ್ದು.

ಲೆಕ್ಕ ಬೇಕಾ, ರೈತರ ಲೆಕ್ಕವನ್ನೇ ಹಾಕಿ. ಒಂದು ಗ್ರಾಂ ವಿನ್‌ಕ್ರಿಸ್ಟಿನ್ ತೆಗೆಯೋಕೆ ಕಮ್ಮಿ ಅಂದ್ರೂ ಅರ್ಧ ಟನ್ ಒಣ ಎಲೆ ಬೇಕು. ಎಂಟು-ಒಂಬತ್ತು ವರ್ಷದ ಮಗುವಿಗೆ ಒಂದು ಸಲಕ್ಕೆ ಹೋಗೋದು ಒಂದೂವರೆ ಮಿಲಿಗ್ರಾಂ ಹತ್ತಿರ, ದೊಡ್ಡವರಿಗೂ ಸಾಮಾನ್ಯವಾಗಿ ಎರಡು ಮಿಲಿಗ್ರಾಂ ದಾಟಿಸಲ್ಲ. ಒಂದೂವರೆ ಮಿಲಿಗ್ರಾಂ ಅಂದ್ರೆ ಮುಕ್ಕಾಲು ಕೆಜಿ ಒಣ ಎಲೆ, ಹಸಿಯಲ್ಲಿ ಮೂರ್ನಾಲ್ಕು ಕೆಜಿ. ಹತ್ತು ಎಲೆಯಲ್ಲಿ ಎಷ್ಟಿರುತ್ತೆ ಅಂತ ನೀವೇ ಭಾಗಿಸಿ. ಆದ್ರೆ ಅದೇ ಹತ್ತು ಎಲೆಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಬೇರೆ ಆಲ್ಕಲಾಯ್ಡ್ ಅನ್ನೋ ಸಸ್ಯ ರಾಸಾಯನಿಕ‌ಗಳಿವೆ, ಅವುಗಳಲ್ಲಿ ಕೆಲವು ವಿನ್‌ಕ್ರಿಸ್ಟಿನ್‌ಗಿಂತ ನೂರಾರು ಪಟ್ಟು ಜಾಸ್ತಿ. ರಕ್ತದೊತ್ತಡ ಇಳಿಸೋದುಂಟು, ಸಕ್ಕರೆ ಇಳಿಸೋದುಂಟು. ಕೀಮೋದಲ್ಲಿರೋ ಮಗುವಿನ ಹೊಟ್ಟೆಗೆ ಹೋಗ್ತಿರೋದು ಅವು.

ಇನ್ನೊಂದು ಅಪಾಯ ಹೆಸರಲ್ಲೇ ಇದೆ. ನಮ್ಮ ಕಡೆ ನಿತ್ಯಪುಷ್ಪಕ್ಕೆ ಕಾಶಿ ಕಣಗಿಲೆ ಅಂತಾರೆ. ‘ಕಾಶಿ’ ಬಿಟ್ಟು ಬರೀ ‘ಕಣಗಿಲೆ ಎಲೆ ತಂದು ಅರೆದು ಕೊಡು’ ಅಂತ ಫೋನಲ್ಲಿ ಹೇಳಿದ್ರೆ ಏನಾಗುತ್ತೆ ಯೋಚನೆ ಮಾಡಿ. ಬೇಲಿ ಕಣಗಿಲೆ ನೇರ ಹೃದಯಕ್ಕೆ ಹೊಡೆಯೋ ವಿಷ, ಅದರ ಕೆಲವೇ ಎಲೆ ಮಗುವಿನ ಪ್ರಾಣಕ್ಕೆ ಕುತ್ತು. ಮೇಲೆ ಅಳತೆ ಬರೆದ ಸ್ವಾಮಿಗಳೇ, ದಯವಿಟ್ಟು ಆ ಕಾಮೆಂಟ್ ಅಳಿಸಿ. ಗುಂಪಲ್ಲಿ ಮೂರು ಸಾವಿರ ಜನ ಇದ್ದಾರೆ, ಯಾರ ಮನೆಯಲ್ಲಿ ಯಾರು ಅದನ್ನ ಓದ್ತಾರೋ ನಿಮಗೆ ಗೊತ್ತಿಲ್ಲ.

ಅಮೃತಬಳ್ಳಿ ಬಗ್ಗೆ ಕೋಪ ಮಾಡ್ಕೋಬೇಡಿ. ನಮ್ಮನೆ ಬೇವಿನ ಮರಕ್ಕೂ ಹಬ್ಬಿದೆ. ಆದ್ರೆ ಕೊರೊನಾ ಕಾಲದಲ್ಲಿ ಅದನ್ನ ಕುಡಿದು ಲಿವರ್ ಕೆಟ್ಟವರ ಪ್ರಕರಣಗಳನ್ನ ಮುಂಬೈ ವೈದ್ಯರು 2021ರಲ್ಲಿ ಪ್ರಕಟಿಸಿದ್ರು. ಆಯುಷ್ ಸಚಿವಾಲಯ ಅದನ್ನ ಒಪ್ಪಲಿಲ್ಲ, ಬೇರೆ ಜಾತಿ ಬಳ್ಳಿ ಬೆರೆತಿರಬಹುದು ಅಂತು. ಕಾಂಡದ ಮೇಲೆ ಗಂಟು ಗಂಟಾಗಿ ಬೊಕ್ಕೆ ಎದ್ದಿದ್ರೆ ಅದು ಬೇರೆ ಜಾತಿ. ಗೊಬ್ಬರದಂಗಡಿ ಪಕ್ಕ ಮಾರೋ ಪುಡಿ ಪ್ಯಾಕೆಟಲ್ಲಿ ಯಾವುದಿದೆ ಅಂತ ಹೇಗೆ ನೋಡ್ತೀರಿ? ಜಗಳ ಯಾರು ಗೆದ್ರೂ ಸರಿ, ಕೀಮೋ ಔಷಧಿಯಿಂದ ಮೊದಲೇ ಲಿವರ್‌ಗೆ ಭಾರ ಇರೋ ಮಗುವಿಗೆ ಅದು ಬೇಡ.

ಹಸಿ ರಸ ಯಾವುದೂ ಬೇಡ ಅನ್ನೋದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಬಿಳಿ ಕಣ ಬಿದ್ದಿರೋವಾಗ ಕೊಟ್ಟಿಗೆ ಗೊಬ್ಬರ ಹಾಕಿದ ಮಣ್ಣಿನ ಎಲೆ ಹಸಿಯಾಗಿ ಹೊಟ್ಟೆಗೆ ಹೋದ್ರೆ ಮಣ್ಣಿನ ಸೂಕ್ಷ್ಮಾಣು ಜೊತೆಗೇ ಹೋಗುತ್ತೆ. ಗೋಧಿ ಹುಲ್ಲಿನ ರಸ, ಪಪ್ಪಾಯಿ ಎಲೆ ರಸ, ಎಲ್ಲಕ್ಕೂ ಇದೇ ಮಾತು. ಪ್ಲೇಟ್‌ಲೆಟ್ ಇಳಿದಿದೆ ಅಂತ ಪಪ್ಪಾಯಿ ಎಲೆ ಅರೀಬೇಡಿ, ಇದು ಡೆಂಗಿ ಅಲ್ಲ, ಕಣ ಹುಟ್ಟೋ ಮ್ಯಾರೋದಲ್ಲೇ ತೊಂದರೆ ಇರೋದು. ಲಕ್ಷ್ಮಣಫಲದ ಸಸಿ ‘ಕ್ಯಾನ್ಸರ್ ಹಣ್ಣು’ ಅಂತ ಸಂತೆಯಲ್ಲಿ ಮುನ್ನೂರು ರೂಪಾಯಿಗೆ ಮಾರ್ತಾರೆ. ಅದರಲ್ಲಿರೋ ಆನೊನಾಸಿನ್ ನರಗಳಿಗೆ ಕೆಟ್ಟದ್ದು. ವಿನ್‌ಕ್ರಿಸ್ಟಿನ್ ಮೊದಲೇ ನರ ಹಿಡಿಯೋ ಔಷಧಿ, ಮಗು ಪಾದ ಎಳೆದು ನಡೆಯೋದು, ದವಡೆ ನೋವು, ಮಲ ಕಟ್ಟೋದು ಎಲ್ಲ ಅದರಿಂದಲೇ. ಮಲ ಕಟ್ಟಿದ್ರೆ ಹರಳೆಣ್ಣೆ, ಎನಿಮಾ ಅಂತ ಹೋಗದೆ ಡಾಕ್ಟರ್ ಹತ್ರ ಸಿರಪ್ ಬರೆಸಿಕೊಳ್ಳಿ.

ಅರಿಶಿನ, ಮೆಣಸು ಅಡುಗೆಯಲ್ಲಿ ಧಾರಾಳವಾಗಿ ಹಾಕಿ. ಕರ್ಕ್ಯುಮಿನ್ ಕ್ಯಾಪ್ಸೂಲ್ ಮಾತ್ರ ಬೇಡ. ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಅದು ಕ್ಯಾನ್ಸರ್ ಕಣ ಕೊಂದಿದೆ, ನಿಜ. ಹೊಟ್ಟೆಯಿಂದ ರಕ್ತಕ್ಕೆ ಸೇರೋದು ಬಹಳ ಕಮ್ಮಿ. ಸೇರಲಿ ಅಂತ ನಾವು ಬೆಳೆಯೋ ಮೆಣಸಿನದೇ ಪೈಪರಿನ್ ಬೆರೆಸ್ತಾರೆ. ಆ ಪೈಪರಿನ್, ಔಷಧಿ ಕರಗಿಸೋ ಲಿವರ್ ಕಿಣ್ವಗಳನ್ನ ತಡೀಬಹುದು. ವಿನ್‌ಕ್ರಿಸ್ಟಿನ್ ಕರಗೋದೂ ಅಂಥ ಕಿಣ್ವದಿಂದಲೇ. ಸಾರಿನ ಮೆಣಸಿಗೆ ಹೆದರಬೇಕಿಲ್ಲ.

ಹಾಗಂತ ಗಿಡಗಳಿಂದ ಪ್ರಯೋಜನ ಇಲ್ಲ ಅಂತಲ್ಲ. ಎಟೊಪೊಸೈಡ್ ಅನ್ನೋ ಔಷಧಿಯ ಮೂಲ ಪೊಡೊಫಿಲಮ್, ಅದರ ಒಂದು ಜಾತಿ ನಮ್ಮ ಹಿಮಾಲಯದಲ್ಲೇ ಇದೆ. ಚೀನಾ ಕಡೆಯ ಸೆಫಲೊಟ್ಯಾಕ್ಸಸ್ ಮರದಿಂದ ಬಂದ ಔಷಧಿಗೆ ಸಿ.ಎಂ.ಎಲ್. ಅನ್ನೋ ಇನ್ನೊಂದು ಬಗೆಯ ಬ್ಲಡ್ ಕ್ಯಾನ್ಸರಿಗೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ತು. ಎ.ಪಿ.ಎಲ್. ಅನ್ನೋ ಬಗೆಗೆ ಪಾಷಾಣವೇ (ಆರ್ಸೆನಿಕ್) ಔಷಧಿ, ಅದು ಗಿಡದ್ದಲ್ಲ, ಖನಿಜ. ಚೀನಾದ ಹಾರ್ಬಿನ್ ಊರಿನ ವೈದ್ಯರಿಂದ ಶುರುವಾಗಿ ಇವತ್ತು ಪ್ರಪಂಚವೆಲ್ಲ ಬಳಸುತ್ತೆ. ಅದನ್ನ ಕೇಳಿ ಭಸ್ಮ ಹುಡುಕಿಕೊಂಡು ಹೋಗಬೇಡಿ, ಆಸ್ಪತ್ರೆಯಲ್ಲಿ ಇಸಿಜಿ ನೋಡ್ತಾ ಹನಿ ಹನಿ ಹಾಕೋ ಔಷಧಿ ಅದು. ನಿಮ್ಮ ಕಡೆ ಕಾಡಲ್ಲಿರೋ ದುರ್ವಾಸನೆ ಮರ ಕಡಿದು ತರೋಣ್ವಾ ಅಂತಲೂ ಒಬ್ಬರು ಕೇಳಿದ್ದಾರೆ. ಅದರ ಕ್ಯಾಂಪ್ಟೊಥೆಸಿನ್‌ನಿಂದ ಮಾಡೋ ಔಷಧಿ ಹೆಚ್ಚಾಗಿ ಕರುಳು, ಶ್ವಾಸಕೋಶ, ಅಂಡಾಶಯದ ಕ್ಯಾನ್ಸರ್‌ಗೆ. ಕದ್ದು ಕಡಿದೂ ಕಡಿದೂ ಆ ಮರವೇ ಕಮ್ಮಿಯಾಗಿದೆ. ಬಿಡಿ ಅದನ್ನ.

ನಮಗೆ ಕೈ ಹಿಡಿದದ್ದು ಒಂದು ನೋಟ್‌ಬುಕ್. ಹಾಲಿನ ಡೈರಿ ಲೆಕ್ಕ ಬರೆಯೋ ಉದ್ದ ಪುಸ್ತಕ. ಎಡಗಡೆ ಮಾತ್ರೆ ಮತ್ತು ಗಂಟೆ, ಬಲಗಡೆ ಬಾಯಿಗೆ ಹೋದದ್ದೆಲ್ಲ. ಟಾನಿಕ್, ಲೇಹ್ಯ, ಅಜ್ಜಿ ಕೊಟ್ಟ ಶುಂಠಿ ಕಷಾಯ, ದೇವಸ್ಥಾನದ ತೀರ್ಥ ಕೂಡ. ಪ್ರತಿ ಸಲ ಆಸ್ಪತ್ರೆಗೆ ಹೋಗುವಾಗ ಮನೆಯ ಬಾಟಲಿ, ಪ್ಯಾಕೆಟ್ ಎಲ್ಲ ಒಂದು ಚೀಲಕ್ಕೆ ತುಂಬಿ ಮೇಜಿನ ಮೇಲೆ ಸುರೀತಿದ್ವಿ. ಹಾಗೆ ಸುರಿದಾಗಲೇ ಒಂದು ಟಾನಿಕಲ್ಲಿ ಫೋಲಿಕ್ ಆಸಿಡ್ ಇದೆ, ಮೆಥೊಟ್ರೆಕ್ಸೇಟ್ ಜೊತೆ ನಮ್ಮನ್ನ ಕೇಳದೆ ಕೊಡಬೇಡಿ ಅಂತ ತೆಗೆದಿಟ್ಟಿದ್ದು. ನೀವು ನಾಲ್ಕು ದಿನ ಕೊಟ್ಟಿದ್ದನ್ನ ನಾಳೆಯೇ ಹೇಳಿ. ಬೈತಾರೆ ಅಂತ ಮುಚ್ಚಿಡಬೇಡಿ, ನನ್ನ ಮೈದುನನಿಗೆ ಆದದ್ದು ನಿಮ್ಮ ತಂಗಿಗೆ ಆಗೋದು ಬೇಡ. ಥರ್ಮಾಮೀಟರ್ ಒಳ್ಳೇದು ತಗೊಳ್ಳಿ. ನಾನು ಓಮ್ರಾನ್ ಇಟ್ಟಿದ್ದೀನಿ, ಐವತ್ತು ರೂಪಾಯಿದು ನಂಬಬೇಡಿ. 100.4 ತೋರಿಸಿದ್ರೆ ಪ್ಯಾರಾಸಿಟಮಾಲ್ ಹಾಕಿ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಫೋನ್ ಮಾಡಿ ಗಾಡಿ ಹತ್ತಿ. ಮಳೆಗೆ ರಸ್ತೆ ಕೆಡೋ ದಿನಗಳಲ್ಲಿ ತಂಗಿ ಮತ್ತೆ ಮಗು ಬೆಂಗಳೂರಿನ ಹತ್ತಿರವೇ ಇರೋದು ಒಳ್ಳೇದು. ಖರ್ಚಿನ ಚಿಂತೆ ಇದ್ರೆ ಆಯುಷ್ಮಾನ್ ಕಾರ್ಡ್ ಬಗ್ಗೆ ಆಸ್ಪತ್ರೆ ಕೌಂಟರಲ್ಲೇ ಕೇಳಿ. ಖರ್ಚಿಗೆ ಹೆದರಿ ಅರ್ಧಕ್ಕೆ ಬಿಡೋದೇ ದೊಡ್ಡ ಅನಾಹುತ.

ಬೆಳೆ ವಿಷಯ. ಮೂಡಿಗೆರೆ ಮಳೆಗೆ ಜೂನಲ್ಲಿ ನಾಟಿ ಮಾಡಿದ್ರೆ ಪಿಥಿಯಮ್ ಅನ್ನೋ ಕೊಳೆ ರೋಗ ಬಂದು ತುದಿಯಿಂದ ಒಣಗುತ್ತೆ, ರಿಡೋಮಿಲ್ ಸುರಿದ್ರೂ ನೀರು ನಿಂತ ಕಡೆ ಉಳಿಯಲ್ಲ. ಮಳೆ ಇಳಿದ ಮೇಲೆ ಏರುಮಡಿಯಲ್ಲಿ ಮಾಡಿ. ಸಿಮ್ಯಾಪ್‌(ಸರ್ಕಾರಿ ಔಷಧಿ ಸಸ್ಯ ಸಂಸ್ಥೆ)ನವರ ನಿರ್ಮಲ್, ಧವಳ್ ಎರಡೂ ಬಿಳಿ ಹೂವಿನ ತಳಿ, ನಮಗೆ ನಿರ್ಮಲ್ ಚೆನ್ನಾಗಿ ಬಂತು. ಹಳೇ ಬೀಜ ಮೊಳೆಯಲ್ಲ, ಕಾಯಿ ಹಳದಿ ತಿರುಗಿದಾಗಲೇ ಬಿಡಿಸಬೇಕು, ಬಿಟ್ರೆ ಸಿಡಿಯುತ್ತೆ. ಎಲೆ ಆರು ಮತ್ತು ಒಂಬತ್ತು ತಿಂಗಳಿಗೆ, ಬೇರು ವರ್ಷಕ್ಕೆ. ಫಾಲ್ಕನ್ ಕತ್ತರಿ ಸಾಕು, ಕೈಗವಸು ಇರಲಿ. ಹಸು ಬಿಡಬೇಡಿ. ಕೊಳ್ಳೋರ ಹತ್ರ ಮೊದಲೇ ಬರವಣಿಗೆಯಲ್ಲಿ ತಗೊಳ್ಳಿ, ಬೆಲೆ ನಂಬಿ ಹತ್ತು ಗುಂಟೆ ದಾಟಬೇಡಿ. ಔಷಧಿಗೆ ಬೇಕಾದ ಕ್ಯಾಥರಾಂಥಿನ್, ವಿಂಡೊಲಿನ್ ಅನ್ನೋ ಎರಡು ಮೂಲವಸ್ತುಗಳನ್ನೂ 2022ರಲ್ಲೇ ಲ್ಯಾಬಿನ ಯೀಸ್ಟಲ್ಲಿ ತಯಾರಿಸಿ ತೋರಿಸಿದ್ದಾರೆ, ಮುಂದೆ ಈ ಎಲೆಗೆ ಬೇಡಿಕೆ ಹೇಗಿರುತ್ತೋ.

ಬೀಜ ನನ್ನ ಹತ್ರವೇ ಇದೆ, ದುಡ್ಡು ಬೇಡ. ಆದ್ರೆ ಈಗ ಕಳಿಸಲ್ಲ ಅಣ್ಣಾ. ಮೊದಲು ಡಾಕ್ಟರಿಗೆ ಹೇಳಿ, ಮಗುವಿನ ಲಿವರ್ ಟೆಸ್ಟ್ ಆಗಲಿ, ಏನಂದ್ರು ಅಂತ ಇಲ್ಲೇ ಬರೀರಿ. ರಾತ್ರಿ ಒಂಬತ್ತರ ಮೇಲೆ ಫೋನ್ ನೋಡ್ತೀನಿ.